ಫೋನು ಒಪ್ಪದ ನನ್ನ ಓಟ

ತಾನು ಏನು ಮಾಡುತ್ತಿದ್ದೇನೆ ಎಂಬುದು ತನಗೆ ಚೆನ್ನಾಗಿ ಗೊತ್ತಿದೆ ಎಂಬ ಧೈರ್ಯದ ಮೇಲೆಯೇ ಮನುಷ್ಯ ಬದುಕುತ್ತಿರುತ್ತಾನೆ. ತೊಂದರೆ ಬರುವುದು, ಅದನ್ನು ಇನ್ನೊಬ್ಬರು ನೋಡಿ ಹೇಳಲು ಹೊರಟಾಗ. ಭಾನುವಾರ ಬೆಳಿಗ್ಗೆ ನಾನು ಜಗಲಿಯ ಮೇಲೆ ಪೇಪರು ಹಿಡಿದು ದೇಶದ ಸ್ಥಿತಿಗತಿಯನ್ನು ಕುರಿತು ಆಳವಾಗಿ ಚಿಂತಿಸುತ್ತಿದ್ದರೆ ನನ್ನ ಹೆಂಡತಿ ವಿಶಾಲು ಅದಕ್ಕೆ ‘ಸುಮ್ಮನೆ ಕೂತಿರೋದು’ ಎನ್ನುತ್ತಾಳೆ. ಸ್ಟಾಫ್ ರೂಮಿನಲ್ಲಿ ಕಣ್ಣು ಮುಚ್ಚಿಕೊಂಡು ಬರಲಿರುವ ಕ್ರೀಡಾಕೂಟದ ಬಗ್ಗೆ ಯೋಚಿಸುತ್ತಿದ್ದರೆ ನಮ್ಮ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು, “ಏಳಿ ಮೇಷ್ಟ್ರೇ, ಬೆಲ್ ಆಯ್ತು” ಎನ್ನುತ್ತಾರೆ. ಇವೆಲ್ಲ ಮನುಷ್ಯರು ಮಾಡುವ ತಪ್ಪುಗಳು. ಕ್ಷಮಿಸಬಹುದು, ಮನಸ್ಸಿದ್ದರೆ ವಾದವನ್ನೂ ಹೂಡಬಹುದು. ಆದರೆ ಒಂದು ಮೊಬೈಲ್ ಫೋನು, ನೀವು ಏದುಸಿರು ಬಿಟ್ಟುಕೊಂಡು ಓಡುತ್ತಿರುವಾಗ ನಿಮ್ಮನ್ನು ನೋಡಿ, ‘ಈತ ಕೂತಿದ್ದಾನೆ’ ಎಂದು ತೀರ್ಪು ಕೊಟ್ಟರೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳುವುದು? ಅದರಲ್ಲೂ ನೀವು ನನ್ನ ಹಾಗೆ ಹೈಸ್ಕೂಲಿನ ಪಿ.ಟಿ. ಮೇಷ್ಟ್ರಾಗಿದ್ದರೆ?

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿ ಕೋಲಾರದ ಕೈ ಬಿಡಿಸಿಕೊಂಡಿದ್ದ ಕಾಲ ಅದು. ಕ್ಯಾಮೆರಾ ಇರುವ ಫೋನು ನಮ್ಮ ಶಿಡ್ಲಘಟ್ಟಕ್ಕೂ ಕಾಲಿಟ್ಟಿತ್ತು. ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ವ್ಯಾಪಾರಕ್ಕೆ ಬಂದವರು ಗೂಡಿನ ರಾಶಿಯ ಪಕ್ಕದಲ್ಲಿ ನಿಂತು ಒಬ್ಬರ ಫೋಟೋ ಒಬ್ಬರು ಹೊಡೆದು, ಅಂಚೆಚೀಟಿಯಷ್ಟು ಅಗಲದ ಆ ಪರದೆಯಲ್ಲಿ ತಮ್ಮ ಮುಖ ಯಾವುದು, ಗೂಡು ಯಾವುದು ಎಂದು ಹುಡುಕಿ ಸಂತೋಷಪಡುತ್ತಿದ್ದರು. ಅಂಥದೊಂದು ಫೋನು ನಮ್ಮ ಮನೆಗೆ ಬಂದದ್ದು ಪೂರ್ಣಿಮಳ ಮೂಲಕ. ಪೂರ್ಣಿಮ ನನ್ನ ಅಕ್ಕನ ಮಗಳು. ಅಕ್ಕ, ಭಾವ ಮುರುಗಮಲ್ಲದಲ್ಲಿ ದರ್ಗಾ ಹತ್ತಿರ ಬಳೆ ಅಂಗಡಿ ಇಟ್ಟಿದ್ದಾರೆ. ಅಲ್ಲಿಂದ ದಿನಾ ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ಕಾಲೇಜಿಗೆ ಓಡಾಡುವುದು ಆಗದ ಮಾತೆಂದು ಹುಡುಗಿ ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ನಮಗೆ ಮಕ್ಕಳಿಲ್ಲದ್ದರಿಂದ ಮನೆಯಲ್ಲಿ ಅವಳದೇ ರಾಜ್ಯಭಾರ. ಕೊನೆಯ ವರ್ಷಕ್ಕೆ ಬಂದಾಗ ಅವಳೊಂದು ಪ್ರಾಜೆಕ್ಟು ಮಾಡಬೇಕಾಯಿತು.

“ಮಾವ, ಮನುಷ್ಯ ಏನ್ ಮಾಡ್ತಿದ್ದಾನೆ ಅಂತ ಫೋನ್ ಕ್ಯಾಮೆರಾ ನೋಡಿ ಕಂಡುಹಿಡೀಬೇಕು. ನಡೀತಿದ್ದಾನಾ, ಓಡ್ತಿದ್ದಾನಾ, ಕೂತಿದ್ದಾನಾ, ಹೀಗೆ. ಅದೇ ನನ್ನ ಪ್ರಾಜೆಕ್ಟು” ಎಂದಳು, ಊಟದ ತಟ್ಟೆಯ ಮುಂದೆ ಕೂತು.

“ಅದಕ್ಕೆ ಫೋನ್ ಯಾಕಮ್ಮ? ಎದುರುಮನೆ ವೆಂಕಟಮ್ಮಜ್ಜಿ ಇದ್ದಾರಲ್ಲ” ಎಂದೆ. ನಮ್ಮ ಬೀದಿಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂಬುದು ಅವರವರಿಗಿಂತ ಮೊದಲು ಆಕೆಗೆ ಗೊತ್ತಾಗುತ್ತಿತ್ತು.

“ತಮಾಷೆ ಅಲ್ಲ ಮಾವ. ವಯಸ್ಸಾದೋರು ಮನೇಲಿ ಒಬ್ರೇ ಇದ್ದಾಗ ಬಿದ್ಬಿಟ್ರೆ, ಫೋನೇ ಅದನ್ನ ಗುರುತಿಸಿ ಬೇಕಾದೋರಿಗೆ ಮೆಸೇಜ್ ಕಳಿಸುತ್ತೆ. ಎಷ್ಟು ಉಪಯೋಗ ನೋಡಿ.”

ವಿಷಯ ಒಳ್ಳೆಯದೇ. ವಿಧಾನವೂ ನಾವು ಮಕ್ಕಳಿಗೆ ಪಾಠ ಹೇಳುವ ಹಾಗೆಯೇ ಇತ್ತು. ಇದು ನಡೆಯುವುದು, ಇದು ಓಡುವುದು ಎಂದು ಬೇಕಾದಷ್ಟು ವೀಡಿಯೋಗಳನ್ನು ಕಂಪ್ಯೂಟರಿಗೆ ತೋರಿಸುತ್ತ ಹೋಗಬೇಕು. ನೋಡಿ ನೋಡಿ ಅದಕ್ಕೆ ಅಭ್ಯಾಸವಾಗಿ, ಕೊನೆಗೊಂದು ದಿನ ಫೋನಿನ ಮುಂದೆ ಯಾರು ಏನು ಮಾಡಿದರೂ ತಾನೇ ಹೆಸರಿಟ್ಟು ಹೇಳುತ್ತದೆ. ಕಷ್ಟವಿದ್ದದ್ದು ವೀಡಿಯೋದಲ್ಲಿ ಯಾರು ನಡೆಯಬೇಕು, ಯಾರು ಓಡಬೇಕು ಎಂಬುದರಲ್ಲಿ. ಕಾಲೇಜಿನೊಳಗೆ ಕ್ಯಾಮೆರಾ ಫೋನು ತರುವುದಕ್ಕೆ ಅಪ್ಪಣೆ ಇರಲಿಲ್ಲ. ಪೂರ್ಣಿಯ ಜೊತೆ ಸೇರಿ ಪ್ರಾಜೆಕ್ಟು ಮಾಡುತ್ತಿದ್ದ ಚಿಂತಾಮಣಿಯ ತಬಸ್ಸುಮಳ ಮನೆಯಲ್ಲಿ, ಹುಡುಗಿ ಬೇಕಾದಷ್ಟು ಓದಲಿ, ವೀಡಿಯೋ ಮಾತ್ರ ಬೇಡ ಎಂದರಂತೆ. ವಿಶಾಲುವನ್ನು ಹಿಡಿದು ನೋಡಿದ್ದಾಯಿತು. ಅವಳು ಒಲೆಯಿಂದ ಬಚ್ಚಲಿಗೆ, ಬಚ್ಚಲಿಂದ ಹಿತ್ತಿಲಿಗೆ ಹೋಗುವ ರಭಸಕ್ಕೆ ವೀಡಿಯೋದಲ್ಲಿ ಒಂದು ಸೆರಗಿನ ತುದಿ ಬಿಟ್ಟರೆ ಏನೂ ಸಿಕ್ಕಿರಲಿಲ್ಲ.

“ಮಾವ, ಇಡೀ ತಾಲ್ಲೂಕಲ್ಲಿ ನಿಮ್ಮಷ್ಟು ಕರೆಕ್ಟಾಗಿ ಓಡೋರು ಇನ್ಯಾರಿದ್ದಾರೆ?” ಎಂದು ಪೂರ್ಣಿ ಕೇಳಿದಳು.

ಹೊಗಳಿಕೆಗೆ ಬಗ್ಗುವವನು ನಾನಲ್ಲ. ಆದರೆ ಸತ್ಯವನ್ನು ಎಷ್ಟೆಂದು ಅಲ್ಲಗಳೆಯಲಿ? ಒಪ್ಪಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಹಿತ್ತಿಲಿನಲ್ಲಿ ಶೂಟಿಂಗ್ ಶುರುವಾಯಿತು. ಫೋನನ್ನು ಕಿಟಕಿಯ ಸರಳಿಗೆ ವಿಶಾಲುವಿನ ಜಡೆಯ ರಬ್ಬರ್ ಬ್ಯಾಂಡಿನಿಂದ ಬಿಗಿದಿದ್ದಳು. ನಾನು ಹೊಸ ಟ್ರ್ಯಾಕ್‌ಸೂಟು ಹಾಕಿಕೊಂಡು ಹೊರಬಂದೆ. ನೀಲಿ ಬಣ್ಣದ್ದು, ತೋಳಿನ ಉದ್ದಕ್ಕೂ ಬಿಳಿ ಪಟ್ಟಿ. ವಿಶಾಲು ಬಾಗಿಲಲ್ಲೇ ತಡೆದಳು.

“ಏನ್ರೀ ಇದು? ಕ್ರೀಡಾಕೂಟಕ್ಕೆ ಅಂತ ತಂದು ಬೀರುವಲ್ಲಿ ಇಟ್ಟಿದ್ದನ್ನ ಹಿತ್ಲಲ್ಲಿ ಹೊರಳಾಡ್ಸಕ್ಕೆ ಹಾಕ್ಕೊಂಡ್ರಾ? ಬಿಚ್ಚಿ ಮೊದ್ಲು.”

ಹಾಗಾಗಿ ನಾನು ಬನಿಯನ್ನು, ಪಂಚೆಯಲ್ಲೇ ನಡೆದೆ, ಪಂಚೆಯನ್ನು ಎತ್ತಿ ಕಟ್ಟಿ ಓಡಿದೆ, ಬಾಗಿದೆ, ಕೂತೆ, ಕೈ ಬೀಸಿದೆ. ಬೀಳುವುದೊಂದು ಉಳಿದಿತ್ತು. ಅದಕ್ಕೆ ಹಳೆಯ ಹಾಸಿಗೆಯೊಂದನ್ನು ಹಾಸಿ, ಪೂರ್ಣಿ “ರೆಡಿ” ಎಂದಾಗಲೆಲ್ಲ ನಾನು ಎದೆ ಹಿಡಿದುಕೊಂಡು ದಬಕ್ಕೆಂದು ಬೀಳಬೇಕು. “ಇನ್ನೂ ನ್ಯಾಚುರಲ್ಲಾಗಿ ಬೀಳಿ ಮಾವ” ಎಂದು ಅವಳು ಮತ್ತೆ ಮತ್ತೆ ಬೀಳಿಸಿದಳು. ಹೀಗೆ ಒಂದು ಸಲ ತುಂಬ ನ್ಯಾಚುರಲ್ಲಾಗಿ ಬಿದ್ದು ಕಣ್ಣು ಮುಚ್ಚಿಕೊಂಡಿರುವಾಗ ಕಾಂಪೌಂಡಿನ ಆಚೆಯಿಂದ, “ಅಯ್ಯೋ, ಸಾರ್‌ಕಿ ಏಮಾಯಿಂದೇ! ಏನಾಯ್ತು ಸಾರ್‌ಗೆ!” ಎಂಬ ಕೂಗು ಕೇಳಿತು. ವೆಂಕಟಮ್ಮಜ್ಜಿ. ಆಕೆಯದು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಗಾಬರಿಯಾದರೆ ಎರಡೂ. ನಾನು ಏಳುವಷ್ಟರಲ್ಲಿ ಆಕೆ ಗೇಟು ತಳ್ಳಿಕೊಂಡು ಒಳಗೆ ಬಂದು, ತನ್ನ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲನ್ನು ಕಿತ್ತು ನನ್ನ ಅಂಗೈಗೆ ತುರುಕಿ ಬೆರಳುಗಳನ್ನು ಗಟ್ಟಿಯಾಗಿ ಮಡಚಿಬಿಟ್ಟಿದ್ದರು.

“ಬಿಡಬ್ಯಾಡ್ರಿ ಸಾರ್, ಗಟ್ಟಿ ಹಿಡ್ಕಳಿ! ವಿಶಾಲಮ್ಮ, ಈರುಳ್ಳಿ ತಗಂಬಾ! ಮೂರ್ಛೆ ಬಂದೈತೆ!”

“ಅಜ್ಜಿ, ನನಗೇನೂ ಆಗಿಲ್ಲ. ಬೇಕಂತಲೇ ಬಿದ್ದಿದ್ದು.”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಾಸಿಗೆ ನೋಡಿದರು, ಕಿಟಕಿಗೆ ಕಟ್ಟಿದ್ದ ಫೋನು ನೋಡಿದರು. ಬೀಗದ ಕೈ ವಾಪಸು ಕಿತ್ತುಕೊಂಡು, “ಸ್ಕೂಲಲ್ಲಿ ಹುಡುಗ್ರಿಗೂ ಇದೇ ಏಳ್ಕೊಡ್ತೀರಾ?” ಎಂದು ಕೇಳಿ ಹೊರಟುಹೋದರು. ಸಂಜೆಯ ಹೊತ್ತಿಗೆ ಪಿ.ಟಿ. ಮೇಷ್ಟ್ರಿಗೆ ಯಾವುದೋ ಗಾಳಿ ಮೆಟ್ಟಿಕೊಂಡಿದೆ ಎಂದು ಬೀದಿಗೆಲ್ಲ ತಿಳಿದಿತ್ತು.

ಇಷ್ಟೆಲ್ಲ ಪಟ್ಟ ಪಾಡಿಗೆ ಫಲವೇನು ಎಂದು ಕೆಲವು ದಿನ ಬಿಟ್ಟು ಪೂರ್ಣಿ ತಂದು ತೋರಿಸಿದಳು. ತಬಸ್ಸುಮಳ ಅಣ್ಣನ ಹಳೆಯ ಲ್ಯಾಪ್‌ಟಾಪು ನಮ್ಮ ಊಟದ ಮೇಜಿನ ಮೇಲೆ ಕೂತಿತ್ತು. ಪರದೆಯಲ್ಲಿ ನಾನು ನಡೆಯುತ್ತಿದ್ದೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ಬೆಂಡಿಂಗ್’ ಎಂದು ಬಂತು. “ನಾನೆಲ್ಲಿ ಬಗ್ಗಿದ್ದೀನಿ?” ಎಂದೆ. ಪೂರ್ಣಿ ಸಂಕೋಚದಿಂದ, “ಹೊಟ್ಟೆ ಸ್ವಲ್ಪ ಮುಂದೆ ಬಂದಿರೋದ್ರಿಂದ ಅದಕ್ಕೆ ಹಾಗೆ ಅನ್ಸುತ್ತೆ ಮಾವ” ಎಂದಳು. ವಿಶಾಲು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ನಿಂತಳು. ಪರದೆಯಲ್ಲಿ ನಾನು ಓಡತೊಡಗಿದೆ. ಪಂಚೆ ಎತ್ತಿ ಕಟ್ಟಿ, ಮೊಣಕಾಲು ಮೇಲಕ್ಕೆತ್ತಿ, ತೋಳು ಬೀಸಿ, ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಟ್ಟ ಶಾಸ್ತ್ರದಂತೆಯೇ. ಕಂಪ್ಯೂಟರು ಕ್ಷಣಕಾಲ ಯೋಚಿಸಿತು. ‘ಸಿಟ್ಟಿಂಗ್’ ಎಂದಿತು.

“ಅಂತೂ ಇದಕ್ಕಾದ್ರೂ ಗೊತ್ತಾಯ್ತಲ್ಲ” ಎಂದಳು ವಿಶಾಲು.

ಅದಾದ ಮೇಲೆ ನಡೆದದ್ದು ಇನ್ನೂ ದುಃಖದ್ದು. ನಾನು ಓಡಿ ಚೌಕಟ್ಟಿನಿಂದ ಆಚೆ ಹೋದ ಮೇಲೂ ವೀಡಿಯೋ ಉಳಿದಿತ್ತು. ಅದರಲ್ಲಿ ಹಿತ್ತಿಲು ಖಾಲಿ. ಹಗ್ಗದ ಮೇಲೆ ಒಣಗಲು ಹಾಕಿದ್ದ ನನ್ನ ಇನ್ನೊಂದು ಪಂಚೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಕಂಪ್ಯೂಟರು ಅದನ್ನು ನೋಡಿ, ಒಂದು ಚೂರೂ ಅನುಮಾನವಿಲ್ಲದೆ, ‘ರನ್ನಿಂಗ್’ ಎಂದಿತು. ನಾನು ಒಳಗಿದ್ದರೆ ಕೂತಿರುವ ಪಂಚೆ, ನಾನಿಲ್ಲದಿದ್ದರೆ ಓಡುತ್ತಿತ್ತು. ಇಡೀ ವೀಡಿಯೋದಲ್ಲಿ ಕಂಪ್ಯೂಟರು ಸರಿಯಾಗಿ ಗುರುತಿಸಿದ್ದು ಒಂದೇ ಒಂದು ಕೆಲಸವನ್ನು: ವೆಂಕಟಮ್ಮಜ್ಜಿ ಕಾಂಪೌಂಡಿನ ಆಚೆ ಕೈ ಬೀಸಿ ಕೂಗಿದ್ದನ್ನು.

ಪೂರ್ಣಿಯ ಮುಖ ಬಾಡಿತ್ತು. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು ನಿಂತು ಕಾಲು ಬಾತುಕೊಳ್ಳುವ ನನ್ನ ಅಕ್ಕ, ಮಗಳು ಎಂಜಿನಿಯರ್ ಆಗುವ ದಿನ ದರ್ಗಾದಲ್ಲಿ ಸಕ್ಕರೆ ಹಂಚುತ್ತೇನೆ ಎಂದು ಹರಕೆ ಹೊತ್ತಿದ್ದಳು. “ಇದು ಫೇಲ್ ಆದ್ರೆ ಅಮ್ಮಂಗೆ ಹೇಗೆ ಮುಖ ತೋರಿಸ್ಲಿ ಮಾವ?” ಎಂದು ಹುಡುಗಿ ಕಣ್ಣೊರೆಸಿಕೊಂಡಾಗ, ನನ್ನ ಮಾನದ ವಿಚಾರವನ್ನು ಬದಿಗಿಟ್ಟೆ.

“ಆಯ್ತಮ್ಮ, ಅದಕ್ಕೆ ಇನ್ನೂ ತೋರ್ಸಣ. ದಡ್ಡ ಹುಡುಗ್ರನ್ನ ನಾನು ಎಷ್ಟು ಜನಾನ ನೋಡಿಲ್ಲ. ಲೆಫ್ಟ್ ಯಾವ್ದು ರೈಟ್ ಯಾವ್ದು ಅಂತ ತಿಂಗಳುಗಟ್ಟಲೆ ಹೇಳ್ಕೊಟ್ಟಿದ್ದೀನಿ. ನಿನ್ನ ಕಂಪ್ಯೂಟರೂ ಕಲೀತದೆ ಬಿಡು.”

ಅಂದಿನಿಂದ ನಮ್ಮ ಮನೆಯ ದಿನಚರಿಯೇ ಬದಲಾಯಿತು. ಹಗ್ಗದ ಮೇಲಿನ ಬಟ್ಟೆಯೆಲ್ಲ ಮಹಡಿಗೆ ಹೋಯಿತು. ಪಕ್ಕದ ಮನೆಯವರು ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ದೊಡ್ಡ ಬಿದಿರಿನ ಚಂದ್ರಿಕೆಗಳನ್ನು ನಮ್ಮ ಗೋಡೆಗೆ ಒರಗಿಸಿಡುತ್ತಿದ್ದರು. ನನ್ನ ಹಿಂದೆ ಆ ಸುರುಳಿಗಳನ್ನು ನೋಡಿ ಕಂಪ್ಯೂಟರಿಗೆ ಗೊಂದಲವಾಗುತ್ತದೆ ಎಂದು ತಿಳಿದ ಮೇಲೆ ಅವರನ್ನು ಬೇಡಿಕೊಂಡು ಅವನ್ನೂ ತೆಗೆಸಿದೆವು. ನಾನು ಬೆಳಿಗ್ಗೆ ಓಡಿದೆ, ಸಂಜೆ ಓಡಿದೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಇಷ್ಟು ಓಡಿದ್ದು ನಾನು ಕೆಲಸಕ್ಕೆ ಸೇರಿದ ಹೊಸತರಲ್ಲೂ ಇಲ್ಲ. ಪಿ.ಟಿ. ಮೇಷ್ಟ್ರು ಎಂದರೆ ಓಡುವವರು ಎಂದು ಜನ ತಿಳಿದಿದ್ದಾರೆ. ವಾಸ್ತವವಾಗಿ ನಾವು ಸೀಟಿ ಊದುವವರು, ಓಡುವವರು ಮಕ್ಕಳು. ಬೇವಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಊದಿದರೂ ಸೀಟಿಯ ಸದ್ದು ಅಷ್ಟೇ ಜೋರಾಗಿರುತ್ತದೆ ಎಂಬುದನ್ನು ನಾನು ಸೇವೆಯ ಆರಂಭದಲ್ಲೇ ಅರಿತುಕೊಂಡಿದ್ದೆ.

ಒಂದು ದಿನ ಸ್ಕೂಲಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಪೂರ್ಣಿ ಓಡಿಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು. ಪರದೆಯಲ್ಲಿ ನಾನು ನಡೆದೆ, ‘ವಾಕಿಂಗ್’. ಬಾಗಿದೆ, ‘ಬೆಂಡಿಂಗ್’. ಬಿದ್ದೆ, ‘ಫಾಲಿಂಗ್’. ಅದೇ ಗಳಿಗೆಗೆ ಅಡುಗೆಮನೆಯಲ್ಲಿದ್ದ ವಿಶಾಲುವಿನ ಫೋನು ಟಿಣ್ ಎಂದಿತು. ನಾನು ಬಿದ್ದ ಸುದ್ದಿ ಅವಳಿಗೆ ಮೆಸೇಜಾಗಿ ಹೋಗುವಂತೆ ಪೂರ್ಣಿ ಮಾಡಿದ್ದಳು. ಆಮೇಲೆ ನಾನು ಓಡಿದೆ. ವಿಶಾಲುವೂ ಬಂದು ನಮ್ಮ ಹಿಂದೆ ನಿಂತಳು. ‘ರನ್ನಿಂಗ್!’ ವಿಶಾಲು ಕೂಡ ಚಪ್ಪಾಳೆ ತಟ್ಟಿದಳು. ಆ ರಾತ್ರಿ ಊಟಕ್ಕೆ ಶಾವಿಗೆ ಪಾಯಸ.

ಪರೀಕ್ಷೆಯ ದಿನ ಬೆಳಿಗ್ಗೆ ದೇವರಿಗೆ ಕೈಮುಗಿದು ಪೂರ್ಣಿ ಹೊರಟಳು. ಆ ಒಂದು ದಿನದ ಮಟ್ಟಿಗೆ ಕ್ಯಾಮೆರಾ ಫೋನು ತರಲು ಕಾಲೇಜಿನವರು ಅಪ್ಪಣೆ ಕೊಟ್ಟಿದ್ದರು. ನಾನು ಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿನವರನ್ನು ಕಬಡ್ಡಿಗೆ ಬಿಟ್ಟು ನೆರಳು ಹಿಡಿಯುತ್ತಿರುವಾಗ ಫೋನು ಬಂತು.

“ಮಾವ, ತಕ್ಷಣ ಬನ್ನಿ. ಕಾಲೇಜಿನ ಅಟೆಂಡರ್‌ನ ಕ್ಯಾಮೆರಾ ಮುಂದೆ ನಡೆಸಿದ್ರೆ ‘ಫಾಲಿಂಗ್’ ಅಂತಿದೆ. ತಬಸ್ಸುಮ್ ಓಡಿದ್ರೆ ‘ಬೆಂಡಿಂಗ್’ ಅಂತಿದೆ. ಅದು ಕಲ್ತಿರೋದೆಲ್ಲ ನಿಮ್ಮನ್ನ ನೋಡೇ ಅಲ್ವಾ? ನಿಮ್ಮನ್ನ ಬಿಟ್ಟು ಬೇರೆ ಯಾರನ್ನೂ ಮನುಷ್ಯ ಅಂತಲೇ ಒಪ್ತಿಲ್ಲ! ಊಟ ಆದ್ಮೇಲೆ ನಮ್ಮ ಸರದಿ.”

ಹೆಡ್‌ಮಾಸ್ಟರಿಗೆ ವಿಷಯ ಹೇಳಿ ಮನೆಗೆ ಧಾವಿಸಿದೆ. ಕಂಪ್ಯೂಟರ್ ಎಂಜಿನಿಯರುಗಳ ಮುಂದೆ ಹೋಗುವಾಗ ಹೇಗೆಂದರೆ ಹಾಗೆ ಹೋಗಲಾದೀತೆ? ಕ್ಷೌರ ಮಾಡಿಕೊಂಡು, ವಿಶಾಲುವಿನ ಕಣ್ಣೆದುರೇ ಬೀರು ತೆಗೆದು ನೀಲಿ ಟ್ರ್ಯಾಕ್‌ಸೂಟು ಹಾಕಿಕೊಂಡೆ. ಈ ಸಲ ಅವಳೂ ತಡೆಯಲಿಲ್ಲ. “ಹುಡುಗಿ ಹೆದರ್ಕೊಂಡಿರ್ತಾಳೆ, ಬೇಗ ಹೋಗ್ರೀ” ಎಂದಳು. ಗೂಡಿನ ಮೂಟೆಗಳ ನಡುವೆ ಬಸ್ಸಿನಲ್ಲಿ ನಿಂತುಕೊಂಡು, ಟ್ರ್ಯಾಕ್‌ಸೂಟಿಗೆ ಸುಕ್ಕು ಬೀಳದಂತೆ ಕಾಪಾಡುತ್ತ ಚಿಕ್ಕಬಳ್ಳಾಪುರ ತಲುಪಿದೆ.

ಲ್ಯಾಬಿನಲ್ಲಿ ಪರೀಕ್ಷಕರು ಆಗಲೇ ಬಂದು ಕೂತಿದ್ದರು. ಬೆಂಗಳೂರಿನಿಂದ ಬಂದವರು, ದಪ್ಪ ಕನ್ನಡಕ, ಬೆಳಗಿನಿಂದ ಹುಡುಗರ ಪ್ರಾಜೆಕ್ಟು ನೋಡಿ ನೋಡಿ ಆಕಳಿಸುತ್ತಿದ್ದರು. ಪೂರ್ಣಿ ಫೋನನ್ನು ಕಿಟಕಿಗೆ ಕಟ್ಟಿ ಕಂಪ್ಯೂಟರಿಗೆ ವೈರು ಜೋಡಿಸಿ, “ಸಾರ್, ಇವರು ನಮ್ಮ ಸಬ್ಜೆಕ್ಟು” ಎಂದಳು. ನಾನು ಎದೆ ಮುಂದೆ ಮಾಡಿ ಬಾಗಿಲಿನಿಂದ ಕಪ್ಪುಹಲಗೆಯವರೆಗೆ ಓಡಿದೆ.

‘ಸಿಟ್ಟಿಂಗ್.’

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಓಡಿದೆ. ಮತ್ತೆ ‘ಸಿಟ್ಟಿಂಗ್’. ಪೂರ್ಣಿಯ ಕಣ್ಣು ತುಂಬಿಬಂತು. ಆಗ ತಬಸ್ಸುಮ್ ನನ್ನ ಕಾಲುಗಳನ್ನು ದಿಟ್ಟಿಸಿ ನೋಡುತ್ತಿದ್ದವಳು ಪೂರ್ಣಿಯ ತೋಳು ಹಿಡಿದು ಪಿಸುಗುಟ್ಟಿದಳು: “ಪೂರ್ಣಿ, ಪಂಚೆ! ಅಂಕಲ್ ಪ್ಯಾಂಟಲ್ಲಿದ್ದಾರೆ. ನಾವು ಟ್ರೈನ್ ಮಾಡಿರೋದೆಲ್ಲ ಪಂಚೇಲಿ ಕಣೇ!”

ಪೂರ್ಣಿ ನನ್ನ ಮುಖ ನೋಡಿದಳು. ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ನಾನು ಆಗುವುದಿಲ್ಲ ಎನ್ನುತ್ತಿದ್ದೆ. ತಬಸ್ಸುಮ್ ಕ್ಯಾಂಟೀನಿಗೆ ಓಡಿ, ಅಲ್ಲಿಯ ಭಟ್ಟರು ಬದಲಾಯಿಸಲೆಂದು ಇಟ್ಟುಕೊಂಡಿದ್ದ ಪಂಚೆ ಬೇಡಿ ತಂದಳು. ಅದು ಒಗೆದದ್ದೇ ಆದರೂ ಒಗ್ಗರಣೆಯ ವಾಸನೆ ಬಿಟ್ಟಿರಲಿಲ್ಲ. ಕಬ್ಬಿಣದ ಬೀರುವಿನ ಮರೆಯಲ್ಲಿ ಹೊಸ ಟ್ರ್ಯಾಕ್‌ಸೂಟು ಕಳಚಿ, ಪಂಚೆ ಸುತ್ತಿ, ಬನಿಯನ್ನಿನಲ್ಲಿ ಹೊರಬಂದೆ. ಸರದಿಗಾಗಿ ಕಾಯುತ್ತಿದ್ದ ಹುಡುಗ ಹುಡುಗಿಯರೆಲ್ಲ ಬಾಗಿಲ ಹತ್ತಿರ ಸೇರಿಬಿಟ್ಟಿದ್ದರು. ನಾನು ಯಾರ ಮುಖವನ್ನೂ ನೋಡಲಿಲ್ಲ. ಪಂಚೆ ಎತ್ತಿ ಕಟ್ಟಿದೆ, ಓಡಿದೆ.

‘ರನ್ನಿಂಗ್.’

ಬಾಗಿಲಲ್ಲಿ ಹೋ ಎಂಬ ಕೂಗು ಎದ್ದಿತು. ನಡೆದೆ, ಕೂತೆ, ಬಾಗಿದೆ, ಕೈ ಬೀಸಿದೆ. ಒಂದೂ ತಪ್ಪಲಿಲ್ಲ. ಕೊನೆಗೆ ಬೀಳುವುದು. ಎಲ್ಲಿ, ಹೇಗೆ ಬಿದ್ದರೆ ಕಡಿಮೆ ನೋಯುತ್ತದೆ ಎಂದು ಜಾಗ ಹುಡುಕುತ್ತ ಒಂದು ಹೆಜ್ಜೆ ಹಿಂದಿಡುವಷ್ಟರಲ್ಲಿ ಭಟ್ಟರ ಪಂಚೆಯ ಅಂಚು ಕಾಲಿಗೆ ಸಿಕ್ಕಿ, ನಾನು ನಿಜವಾಗಿಯೂ, ಸಂಪೂರ್ಣ ನ್ಯಾಚುರಲ್ಲಾಗಿ, ಬೆಂಚಿನ ಪಕ್ಕದಲ್ಲಿ ಧೊಪ್ಪೆಂದು ಬಿದ್ದೆ. ‘ಫಾಲಿಂಗ್’ ಎಂದು ಪರದೆ ಕೆಂಪಾಯಿತು. ಪರೀಕ್ಷಕರು ಗಾಬರಿಯಿಂದ ಎದ್ದು ನಿಂತರು. ನಾನು ಮೊಣಕಾಲು ಉಜ್ಜಿಕೊಳ್ಳುತ್ತಿರುವಾಗಲೇ ಕಿಟಕಿಗೆ ಕಟ್ಟಿದ್ದ ಫೋನು ಹೊಡೆದುಕೊಳ್ಳತೊಡಗಿತು. ಅವಸರದಲ್ಲಿ ಪೂರ್ಣಿ ಯಾವ ಬಟನ್ ಒತ್ತಿದಳೋ, ವಿಶಾಲುವಿನ ದನಿ ಇಡೀ ಲ್ಯಾಬಿಗೆ ಕೇಳಿಸಿತು.

“ಪೂರ್ಣಿ, ನಿಮ್ಮಾವ ಬಿದ್ರು ಅಂತ ಮೆಸೇಜ್ ಬಂತು ಕಣೇ. ನಿಜ್ವಾಗ್ಲೂ ಬಿದ್ರಾ, ಇಲ್ಲ ನಿಂಗೋಸ್ಕರ ಬಿದ್ರಾ?”

“ಎರಡೂನು ಅತ್ತೆ” ಎಂದಳು ಪೂರ್ಣಿ.

ಪರೀಕ್ಷಕರು ನಕ್ಕರು. ಬೆಳಗಿನಿಂದ ಅದೇ ಮೊದಲ ನಗು ಎಂದು ಆಮೇಲೆ ಹುಡುಗರು ಹೇಳಿದರು. ನಕ್ಕು ಮುಗಿಸಿ ಗಂಭೀರವಾಗಿ, “ಕೆಲಸ ಚೆನ್ನಾಗಿದೆ. ಆದ್ರೆ ಪ್ರಪಂಚದಲ್ಲಿ ಒಬ್ಬನೇ ಒಬ್ಬ ಮನುಷ್ಯನ್ನ, ಅದೂ ಪಂಚೆ ಉಟ್ಟಾಗ ಮಾತ್ರ ಗುರುತಿಸುತ್ತೆ. ಇದರಿಂದ ಯಾರಿಗೆ ಉಪಯೋಗ?” ಎಂದು ಕೇಳಿದರು.

“ಸದ್ಯಕ್ಕೆ ನಮ್ಮತ್ತೆಗೆ ಸಾರ್” ಎಂದಳು ಪೂರ್ಣಿ, ಕಣ್ಣು ಒರೆಸಿಕೊಳ್ಳುತ್ತಲೇ. ಆಮೇಲೆ ಧೈರ್ಯ ತಂದುಕೊಂಡು, ಇನ್ನಷ್ಟು ಜನರ ವೀಡಿಯೋ ಸಿಕ್ಕಿದರೆ ಏನೇನು ಮಾಡಬಹುದು ಎಂಬುದನ್ನು ಇಬ್ಬರೂ ಸೇರಿ ವಿವರಿಸಿದರು. ನನಗೆ ಅರ್ಥವಾಗಲಿಲ್ಲ. ಆದರೆ ಪರೀಕ್ಷಕರು ಮುಂದಕ್ಕೆ ಬಾಗಿ ಕೇಳುತ್ತಿದ್ದದ್ದು, ನಡುನಡುವೆ ತಲೆದೂಗುತ್ತಿದ್ದದ್ದು ಕಂಡು, ಮುರುಗಮಲ್ಲದಲ್ಲಿ ಅಕ್ಕ ಸಕ್ಕರೆ ತರಿಸಬಹುದು ಎಂಬುದು ಮಾತ್ರ ಖಚಿತವಾಯಿತು. ಹುಡುಗಿಯರು ಪಾಸಾದರು, ಒಳ್ಳೆಯ ಮಾರ್ಕೇ ಬಂತು.

ಹೊರಡುವ ಮುನ್ನ ಪರೀಕ್ಷಕರು ನನ್ನ ಹತ್ತಿರ ಬಂದರು. ನಾನು ಒಂದು ಕೈಯಲ್ಲಿ ಪಂಚೆ, ಇನ್ನೊಂದರಲ್ಲಿ ಮೊಣಕಾಲು ಹಿಡಿದುಕೊಂಡು ಇನ್ನೂ ಏದುಸಿರು ಬಿಡುತ್ತಿದ್ದೆ.

“ತುಂಬಾ ಶ್ರಮ ತಗೊಂಡ್ರಿ. ಬಂದಾಗ ನಿಮ್ಮ ಡ್ರೆಸ್ ನೋಡಿ ಎಲ್ಲೋ ಪಿ.ಟಿ. ಮೇಷ್ಟ್ರಿರಬೇಕು ಅಂದ್ಕೊಂಡಿದ್ದೆ” ಎಂದು ನಕ್ಕರು. “ಓಡಿದ್ಮೇಲೆ ಅಲ್ಲ ಅಂತ ಗೊತ್ತಾಯ್ತು. ಏನ್ ಕೆಲಸದಲ್ಲಿದ್ದೀರಿ?”

ಪೂರ್ಣಿ ಉತ್ತರ ಹೇಳಲು ಹೆಮ್ಮೆಯಿಂದ ಬಾಯಿ ತೆರೆದಳು.

“ಕನ್ನಡ ಮೇಷ್ಟ್ರು ಸಾರ್” ಎಂದೆ ನಾನು, ಅವಳಿಗಿಂತ ಮೊದಲು.

“ಹಾಗೇ ಅನ್ನಿಸ್ತು. ಈ ವಯಸ್ಸಲ್ಲಿ ಸ್ವಲ್ಪ ವ್ಯಾಯಾಮ ಇರ್ಬೇಕು ಮೇಷ್ಟ್ರೇ. ನಿಮ್ಮ ಸ್ಕೂಲಲ್ಲಿ ಪಿ.ಟಿ. ಮೇಷ್ಟ್ರು ಇರ್ತಾರಲ್ಲ, ಅವರನ್ನ ಕೇಳಿ, ಹೇಳ್ಕೊಡ್ತಾರೆ.”

“ಇದ್ದಾರೆ ಸಾರ್, ಬಹಳ ಒಳ್ಳೆಯವರು” ಎಂದೆ. “ಆದ್ರೆ ಮಾತಾಡ್ಸಣ ಅಂದ್ರೆ ಕೈಗೇ ಸಿಗಲ್ಲ. ಯಾವಾಗ ನೋಡಿದ್ರೂ ಓಡ್ತಾನೇ ಇರ್ತಾರೆ.”